ಗ್ರಹಣ ಬಿಟ್ಟ ಮೇಲೂ ನಿಂತಿದ್ದ ಒನಕೆ: ಒಂಬತ್ತನೇ ತರಗತಿಯ ಒಂದು ಪ್ರಕರಣ

2019ರ ಡಿಸೆಂಬರ್ 24, ಮಂಗಳವಾರ. ಊಟದ ನಂತರದ ಮೊದಲ ಪೀರಿಯಡ್. ಹಾಸನ ಜಿಲ್ಲೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ನಾನು ಆಗ ವಿಜ್ಞಾನ ಕಲಿಸುತ್ತಿದ್ದೆ. ಕಂಕಣ ಸೂರ್ಯಗ್ರಹಣಕ್ಕೆ ಎರಡೇ ದಿನ ಬಾಕಿ ಇತ್ತು. ಬೋರ್ಡಿನ ಮೇಲೆ ಸೂರ್ಯ, ಚಂದ್ರ, ಭೂಮಿ ಬರೆದು ನೆರಳು ಹೇಗೆ ಬೀಳುತ್ತದೆ ಅಂತ ಹೇಳುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ.

"ಮೇಡಂ, ಗ್ರಹಣದ ದಿನ ನೀರಿನ ತಟ್ಟೇಲಿ ಒನಕೆ ನಿಲ್ಸಿದ್ರೆ ನಿಲ್ತದಲ್ಲ, ಅದ್ಯಾಕೆ?"

ನಾನು ಒಂದು ಕ್ಷಣವೂ ಯೋಚಿಸಲಿಲ್ಲ. "ಅದೆಲ್ಲ ಮೂಢನಂಬಿಕೆ ಕಣೋ. ಒನಕೆ ಹಾಗೆಲ್ಲ ನಿಲ್ಲಲ್ಲ. ಕೂತ್ಕೋ" ಅಂದೆ.

ಅವನು ಕೂರಲಿಲ್ಲ. "ನಿಲ್ತದೆ ಮೇಡಂ. ಹೋದ ವರ್ಷ ಚಂದ್ರಗ್ರಹಣದ ರಾತ್ರಿ ನಮ್ಮಜ್ಜಿ ನಿಲ್ಸಿದ್ರು. ನಾನೇ ನೋಡಿದೀನಿ." ಅವನು ಹೇಳುತ್ತಿದ್ದದ್ದು 2018ರ ಜುಲೈ 27ರ ರಾತ್ರಿಯ ಗ್ರಹಣದ ಮಾತು. ಇನ್ನೂ ನಾಲ್ಕೈದು ಕೈಗಳು ಮೇಲೆದ್ದವು. ಅವರೂ ನೋಡಿದ್ದರು. ಬೆಲ್ ಹೊಡೆಯಿತು, ಮಾತು ಅಲ್ಲಿಗೇ ನಿಂತಿತು. ಹೊರಗೆ ಹೋಗುವಾಗ ಮುಂದಿನ ಸಾಲಿನ ಹುಡುಗಿಯರು ನೋಟ್‌ಬುಕ್ಕಿನಲ್ಲಿ "ಒನಕೆ ನಿಲ್ಲುವುದು ಮೂಢನಂಬಿಕೆ" ಅಂತ ನೀಟಾಗಿ ಬರೆದುಕೊಂಡಿದ್ದು ಕಣ್ಣಿಗೆ ಬಿತ್ತು.

ಆ ಸಾಲು ನನ್ನನ್ನು ಮನೆಯವರೆಗೂ ಬಿಡಲಿಲ್ಲ. ಅಜ್ಜಿ ಹೇಳಿದರು ಅಂತ ಒಬ್ಬ ನಂಬುತ್ತಾನೆ. ಮೇಡಂ ಹೇಳಿದರು ಅಂತ ಇನ್ನೊಬ್ಬಳು ಬರೆದುಕೊಳ್ಳುತ್ತಾಳೆ. ಎರಡಕ್ಕೂ ಏನು ವ್ಯತ್ಯಾಸ? ವ್ಯತ್ಯಾಸ ಇದ್ದರೆ ಅದು ಹುಡುಗನ ಪರವಾಗಿಯೇ ಇತ್ತು. ಅವನು ಕಣ್ಣಾರೆ ನೋಡಿದ್ದ. ನಾನು ಜೀವನದಲ್ಲಿ ಒಂದು ಸಲವೂ ಒನಕೆ ನಿಲ್ಲಿಸಿ ನೋಡಿದವಳಲ್ಲ.

ಈ ಪದ್ಧತಿ ಗೊತ್ತಿಲ್ಲದವರಿಗೆ ಎರಡು ಮಾತು. ಗ್ರಹಣ ಹಿಡಿಯುವ ಹೊತ್ತಿಗೆ ಹಿತ್ತಾಳೆ ತಟ್ಟೆಗೆ ನೀರು ಹಾಕಿ, ಒಂದಿಷ್ಟು ಅರಿಶಿನ ಕುಂಕುಮ ಬೆರೆಸಿ, ನಡುವೆ ಒನಕೆಯನ್ನು ನೆಟ್ಟಗೆ ನಿಲ್ಲಿಸುತ್ತಾರೆ. ಯಾವ ಆಸರೆಯೂ ಇಲ್ಲದೆ ಅದು ನಿಲ್ಲುತ್ತದೆ. ಗ್ರಹಣ ಬಿಟ್ಟ ಕೂಡಲೇ ತಾನಾಗಿಯೇ ಬೀಳುತ್ತದೆ ಅನ್ನುತ್ತಾರೆ. ಗಡಿಯಾರ, ಟಿವಿ ಇಲ್ಲದ ಕಾಲದಲ್ಲಿ, ಮೋಡ ಮುಚ್ಚಿದ ದಿನ ಗ್ರಹಣ ಹಿಡಿದಿದೆಯೋ ಬಿಟ್ಟಿದೆಯೋ ಅಂತ ತಿಳಿಯಲು ಇದೇ ಗುರುತು ಅಂತ ನಮ್ಮ ಕಡೆ ಹಿರಿಯರು ಹೇಳುವುದನ್ನು ಕೇಳಿದ್ದೇನೆ. ಈಗ ಫೋನ್ ಬಂದ ಮೇಲೆ ಪ್ರತಿ ಗ್ರಹಣಕ್ಕೂ ನಿಂತ ಒನಕೆಯ ವಿಡಿಯೋ ಊರೂರು ಸುತ್ತುತ್ತದೆ.

25ರಂದು ಕ್ರಿಸ್‌ಮಸ್ ರಜೆ. ಸಂಜೆ ಅಟ್ಟದ ಮೇಲಿದ್ದ ನಮ್ಮ ಅತ್ತೆಯವರ ಒನಕೆ ಇಳಿಸಿದೆ. ದೂಳು ಒರೆಸಿ ಅಡುಗೆಮನೆಯ ನೆಲದ ಮೇಲೆ ನಿಲ್ಲಿಸಲು ನೋಡಿದೆ. ಹಲವು ಸಲ ಕೈಗೇ ಬಿತ್ತು. ತಾಳ್ಮೆ ತಂದುಕೊಂಡು, ಎರಡೇ ಬೆರಳಿನಲ್ಲಿ ಹಿಡಿದು, ಭಾರ ಯಾವ ಕಡೆ ಎಳೆಯುತ್ತಿದೆ ಅಂತ ಗಮನಿಸುತ್ತಾ ಸರಿಮಾಡಿದೆ. ಹತ್ತು ನಿಮಿಷ ಹಿಡಿದಿರಬೇಕು. ನಿಂತಿತು. ತಟ್ಟೆ ಇಲ್ಲ, ನೀರಿಲ್ಲ, ಗ್ರಹಣವೂ ಇಲ್ಲ. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. "ಗ್ರಹಣ ನಾಳೆ ತಾನೇ?" ಅಂದರು.

ಹಾಗಾದರೆ ತರಗತಿಯಲ್ಲಿ ನಾನು ಹೇಳಿದ್ದು ತಪ್ಪು. ಒನಕೆ ನಿಲ್ಲುತ್ತದೆ. ಗ್ರಹಣದ ಶಕ್ತಿಯಿಂದ ನಿಲ್ಲುತ್ತದೆ ಅನ್ನುವುದು ಬೇರೆ ಮಾತು. ಇವೆರಡನ್ನೂ ಒಟ್ಟಿಗೆ ಕಟ್ಟಿ, ಒಂದೇ ಹೊಡೆತಕ್ಕೆ ಮೂಢನಂಬಿಕೆ ಅಂತ ಎಸೆದಿದ್ದೆ. ಮಾರನೇ ದಿನ ಹೋಗಿ ಸತ್ಯ ಹೇಳಿಬಿಡೋಣ ಅಂತ ಮೊದಲು ಅನ್ನಿಸಿತು. ಆದರೆ ನಾನು ಹೇಳಿದರೆ ಮತ್ತೆ ಅದೇ ನೋಟ್‌ಬುಕ್, ಅದೇ ನೀಟಾದ ಅಕ್ಷರ. ಅವರೇ ಕಂಡುಕೊಳ್ಳಲಿ ಅಂತ ಸುಮ್ಮನಿದ್ದೆ.

26ರ ಬೆಳಗ್ಗೆ

ಆ ದಿನ ಕಂಕಣ ಪೂರ್ತಿ ಕಂಡಿದ್ದು ಮಂಗಳೂರು, ಕೊಡಗಿನ ದಕ್ಷಿಣ ತುದಿ, ಕೇರಳದ ಚೆರುವತ್ತೂರಿನಂಥ ಕಡೆ. ನಮ್ಮಲ್ಲಿ ಸೂರ್ಯನ ಬಹುಪಾಲು ಮುಚ್ಚಿ ಒಂದು ತೆಳು ಕುಡುಗೋಲು ಉಳಿಯುವ ಲೆಕ್ಕ. ಬೆಳಗ್ಗೆ 8 ಗಂಟೆ ದಾಟಿದ ಮೇಲೆ ಶುರು, ಒಂಬತ್ತೂವರೆ ಹೊತ್ತಿಗೆ ಅತಿ ಹೆಚ್ಚು, 11 ದಾಟಿ ಬಿಡುವುದು.

ಶಾಲೆಗೆ ಬಂದವರು ಮೂರರಲ್ಲಿ ಒಂದು ಪಾಲು ಮಕ್ಕಳು ಮಾತ್ರ. ಬಿಸಿಯೂಟದ ಅಕ್ಕ ಗ್ರಹಣ ಬಿಟ್ಟ ಮೇಲೇ ಒಲೆ ಹಚ್ಚುವುದು ಅಂತ ಮೊದಲೇ ಹೇಳಿದ್ದರು. ಬೇಳೆ ಡಬ್ಬದ ಮೇಲೆ ಗರಿಕೆ ಇಟ್ಟಿದ್ದರು. ನಾನು ಅದರ ಬಗ್ಗೆ ಏನೂ ಹೇಳಲಿಲ್ಲ. ಒಂದು ದಿನಕ್ಕೆ ಒಂದು ಪ್ರಶ್ನೆ ಸಾಕು ಅನ್ನುವುದು ನನ್ನ ಅನುಭವ.

ಚಿಕ್ಕ ಕನ್ನಡಿಗೆ ತೂತು ಮಾಡಿದ ಕಾಗದ ಅಂಟಿಸಿ, ನೆರಳಿನ ಗೋಡೆಯ ಮೇಲೆ ಸೂರ್ಯನ ಬಿಂಬ ಬೀಳಿಸಿದೆವು. ಬರಿಗಣ್ಣಲ್ಲಿ ಯಾರೂ ಮೇಲೆ ನೋಡಕೂಡದು ಅಂತ ಹತ್ತು ಸಲ ಹೇಳಿದ್ದೆ. ಅದು ನಿಜವಾಗಿ ಕಣ್ಣಿಗೆ ಅಪಾಯ. ಗ್ರಹಣದಲ್ಲಿ ವಿಶೇಷ ವಿಷ ಇದೆ ಅಂತಲ್ಲ, ಸೂರ್ಯನನ್ನು ದಿಟ್ಟಿಸಿದರೆ ಯಾವ ದಿನವಾದರೂ ಕಣ್ಣು ಹೋಗುತ್ತದೆ. ಉಳಿದ ದಿನ ಕಣ್ಣು ಕುಕ್ಕಿ ನಾವೇ ತಲೆ ತಿರುಗಿಸುತ್ತೇವೆ, ಗ್ರಹಣದ ದಿನ ಕುತೂಹಲದಿಂದ ನೋಡುತ್ತಲೇ ಇರುತ್ತೇವೆ. ಒಂಬತ್ತು ಕಾಲಿನ ಹೊತ್ತಿಗೆ ಬೆಳಕು ಮಂಕಾಯಿತು. ಹೊಂಗೆ ಮರದ ಕೆಳಗೆ ಬಿಸಿಲಿನ ಚುಕ್ಕಿಗಳೆಲ್ಲ ಕುಡುಗೋಲಿನ ಆಕಾರಕ್ಕೆ ತಿರುಗಿದ್ದವು. ಎಲೆಗಳ ನಡುವಿನ ಒಂದೊಂದು ಸಂದಿಯೂ ನಮ್ಮ ಕಾಗದದ ತೂತಿನ ಕೆಲಸ ಮಾಡುತ್ತಿತ್ತು. ಒಬ್ಬಳು ಅಂಗೈ ಒಡ್ಡಿ ಅಷ್ಟೂ ಕುಡುಗೋಲುಗಳನ್ನು ಕೈಯಲ್ಲಿ ಹಿಡಿದಳು. ಆ ಮುಖ ಈಗಲೂ ನನ್ನ ಕಣ್ಣ ಮುಂದಿದೆ.

ಒನಕೆ ಪ್ರಶ್ನೆ ಕೇಳಿದ ಹುಡುಗ ಮನೆಯಿಂದ ಒನಕೆಯನ್ನೇ ಹೊತ್ತು ತಂದಿದ್ದ. ಜೊತೆಗೆ ತಟ್ಟೆ. ನಾನು ಅಡ್ಡ ಬರಲಿಲ್ಲ. ವರಾಂಡದಲ್ಲಿ ತಟ್ಟೆ ಇಟ್ಟು, ನೀರು ಹಾಕಿ, ಅವನೇ ನಿಲ್ಲಿಸಿದ. ಅವನ ಕೈ ಪಳಗಿತ್ತು. ಎರಡೇ ನಿಮಿಷದಲ್ಲಿ ನಿಂತಿತು. ಮಕ್ಕಳು ಕೂಗಿದರು. ಅವನು ನನ್ನ ಕಡೆ ತಿರುಗಿ, "ನೋಡಿ ಮೇಡಂ" ಅಂದ. "ನೀನು ಹೇಳಿದ್ದು ಸರಿ, ಒನಕೆ ನಿಲ್ತದೆ. ಮೊನ್ನೆ ನಾನು ಹೇಳಿದ್ದು ತಪ್ಪು" ಅಂತ ಎಲ್ಲರ ಎದುರಿಗೆ ಹೇಳಿದೆ. ಆ ಮಾತು ಹೇಳಿದ್ದಕ್ಕೇ ಮುಂದಿನದೆಲ್ಲ ಸಾಧ್ಯವಾಯಿತು ಅಂತ ನಾನು ನಂಬಿದ್ದೇನೆ. ಅಲ್ಲಿಯವರೆಗೆ ಇದು ನನಗೂ ಅವನಿಗೂ ನಡುವಿನ ಜಗಳವಾಗಿತ್ತು. ಆಮೇಲೆ ಒನಕೆಯ ವಿಚಾರವಾಯಿತು.

ಅವನಿಗೆ ಒಂದೇ ಪ್ರಶ್ನೆ ಕೇಳಿದೆ. "ಗ್ರಹಣ ಬಿಟ್ಟಾಗ ಏನಾಗಬೇಕು?"

"ಬೀಳ್ಬೇಕು."

"ಯಾರೂ ಮುಟ್ಟದೆ ಇದ್ರೆ?"

"ತಾನಾಗೇ ಬೀಳ್ತದೆ ಮೇಡಂ."

"ಸರಿ, ಕಾಯೋಣ."

ತಟ್ಟೆಯ ಸುತ್ತ ಸೀಮೆಸುಣ್ಣದ ಗೆರೆ ಎಳೆದೆವು. ಗೆರೆಯ ಒಳಗೆ ಯಾರೂ ಬರುವ ಹಾಗಿಲ್ಲ. 11 ಗಂಟೆ ದಾಟಿತು. ಗೋಡೆಯ ಮೇಲಿನ ಬಿಂಬ ಮತ್ತೆ ಗುಂಡಗಾಯಿತು. ಒನಕೆ ನಿಂತೇ ಇತ್ತು. ಹನ್ನೆರಡಾಯಿತು. ಅಕ್ಕ ಒಲೆ ಹಚ್ಚಿ, ಅನ್ನ ಮಾಡಿ, ಊಟದ ಬೆಲ್ ತಡವಾಗಿ ಹೊಡೆಯಿತು. ಮಕ್ಕಳು ತಟ್ಟೆ ಹಿಡಿದು ವರಾಂಡದಲ್ಲೇ ಕೂತು, ಒನಕೆಯನ್ನು ನೋಡುತ್ತಾ ಊಟ ಮಾಡಿದರು. ಶಾಲೆ ಬಿಡುವಾಗಲೂ ಅದು ಹಾಗೇ ನಿಂತಿತ್ತು. ಹುಡುಗನೇ ಅದನ್ನು ಎತ್ತಿಕೊಂಡ.

ಇದನ್ನು ಅವರ ಮನೆಗಳಲ್ಲಿ ಯಾರೂ ನೋಡಿರಲಿಲ್ಲ. ಯಾಕೆ ಅಂತ ಆಮೇಲೆ ಮಕ್ಕಳೇ ಹೇಳಿದರು. ಗ್ರಹಣ ಬಿಟ್ಟ ಕೂಡಲೇ ಮನೆ ತೊಳೆಯಬೇಕು, ತಲೆಗೆ ಸ್ನಾನ ಮಾಡಬೇಕು, ನೀರು ಬದಲಿಸಬೇಕು. ಆ ಗಡಿಬಿಡಿಯಲ್ಲಿ ಒನಕೆ ಬೀಳುತ್ತದೆ, ಇಲ್ಲವೇ ಯಾರಾದರೂ ಎತ್ತಿಡುತ್ತಾರೆ. ಸುಮ್ನೆ ಬಿಟ್ಟು ನೋಡುವ ಪುರುಸೊತ್ತು ಯಾರಿಗೂ ಇಲ್ಲ.

ನಾಲ್ಕು ಮನೆಯ ಲೆಕ್ಕ

27ರಂದು ತರಗತಿ ತುಂಬಿತ್ತು. ಬಾರದೆ ಉಳಿದವರೆಲ್ಲ ತಮ್ಮ ಮನೆಯ ಕಥೆ ತಂದಿದ್ದರು. ಬೋರ್ಡಿನ ಮೇಲೆ ಒಂದು ದೊಡ್ಡ ಚೌಕ ಬರೆದು, ಅದನ್ನು ನಾಲ್ಕು ಮನೆ ಮಾಡಿದೆ. ಮೇಲಿನ ಎರಡು ಗ್ರಹಣದ ದಿನಕ್ಕೆ, ಕೆಳಗಿನ ಎರಡು ಗ್ರಹಣ ಇಲ್ಲದ ದಿನಕ್ಕೆ. ಎಡಗಡೆ ನಿಂತಿತು, ಬಲಗಡೆ ನಿಲ್ಲಲಿಲ್ಲ.

ಮೊದಲ ಮನೆ, ಅಂದರೆ ಗ್ರಹಣ ಇತ್ತು, ಒನಕೆ ನಿಂತಿತು ಅನ್ನುವುದು, ಕ್ಷಣದಲ್ಲಿ ಗೀಟುಗಳಿಂದ ತುಂಬಿತು. ಎರಡನೆಯದಕ್ಕೆ ಬಂದಾಗ ಯಾರೂ ಮಾತಾಡಲಿಲ್ಲ. ತುಸು ಹೊತ್ತಿನ ಮೇಲೆ ಮೆಲ್ಲನೆಯ ದನಿಯ ಹುಡುಗಿಯೊಬ್ಬಳು ಹೇಳಿದಳು: "ನಮ್ಮನೇಲಿ ನಿಲ್ಲಲಿಲ್ಲ ಮೇಡಂ. ಮೈಲಿಗೆ ಆಗಿರ್ಬೇಕು ಅಂದ್ರು. ವಿಡಿಯೋ ಮಾಡ್ಬೇಡ ಅಂದ್ರು." ಅವಳು ಹೇಳಿದ ಮೇಲೆ ಇನ್ನೂ ಮೂವರು ಕೈ ಎತ್ತಿದರು. ನಿಂತ ಒನಕೆ ಫೋನಿನಿಂದ ಫೋನಿಗೆ ಹೋಗುತ್ತದೆ. ನಿಲ್ಲದ ಒನಕೆ ಮನೆಯಿಂದಾಚೆ ಬರುವುದೇ ಇಲ್ಲ. ವಾಟ್ಸಾಪಿನಲ್ಲಿ ನೂರು ವಿಡಿಯೋ ನೋಡಿದರೂ ನಾವು ನೋಡುತ್ತಿರುವುದು ಆ ಒಂದೇ ಮನೆಯನ್ನು. ಇದು ಮಕ್ಕಳಿಗೆ ತಾವಾಗಿಯೇ ಹೊಳೆಯಿತು.

ಕೆಳಗಿನ ಎರಡು ಮನೆ ಖಾಲಿ. ಗ್ರಹಣ ಇಲ್ಲದ ದಿನ ಒನಕೆ ನಿಲ್ಲಿಸಿದವರು ಇಡೀ ತರಗತಿಯಲ್ಲಿ ಒಬ್ಬರೂ ಇರಲಿಲ್ಲ. ಅವರ ಅಪ್ಪ ಅಮ್ಮಂದಿರೂ ನಿಲ್ಲಿಸಿರಲಿಲ್ಲ. ಮಿಲ್ಲು, ಮಿಕ್ಸಿ ಬಂದ ಮೇಲೆ ಒನಕೆ ಮೂಲೆ ಸೇರಿದೆ, ಇಲ್ಲವೇ ಅಟ್ಟ ಹತ್ತಿದೆ. ವರ್ಷಕ್ಕೊಂದು ಸಲ ಗ್ರಹಣಕ್ಕೆ ಮಾತ್ರ ಕೆಳಗೆ ಇಳಿಯುತ್ತದೆ. ಹಾಗಾದರೆ ಗ್ರಹಣದ ದಿನ ಮಾತ್ರ ಅದು ನಿಲ್ಲುತ್ತದೆ ಅನ್ನಿಸುವುದು ಸಹಜ ಅಲ್ವಾ?

ಈ ಜಾಗದಲ್ಲಿ ನಾನು ತುಂಬಾ ಹೊತ್ತು ನಿಂತೆ. ನಿಯಮಗಳನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಈ ಎರಡು ಖಾಲಿ ಮನೆಗಳನ್ನು ತೋರಿಸುವುದು ದೊಡ್ಡ ಪಾಠ. ಯಾವ ಔಷಧದ ಜಾಹೀರಾತು ತೆಗೆದುಕೊಳ್ಳಿ, ಯಾವ ಪವಾಡ ತೆಗೆದುಕೊಳ್ಳಿ, ನಮಗೆ ತೋರಿಸುವುದು ತುಂಬಿದ ಮನೆಯೊಂದನ್ನೇ. ಔಷಧ ತೆಗೆದುಕೊಳ್ಳದೆಯೂ ವಾಸಿಯಾದವರು ಎಷ್ಟು, ತೆಗೆದುಕೊಂಡೂ ವಾಸಿಯಾಗದವರು ಎಷ್ಟು ಅನ್ನುವುದನ್ನು ನಾವೇ ಕೇಳಬೇಕು.

ಹುಡುಗನಿಗೆ ಇನ್ನೂ ಒಪ್ಪಿಗೆ ಇರಲಿಲ್ಲ. "ನಿನ್ನೆ ಗ್ರಹಣ ಬಿಟ್ರೂ ಅದರ ಶಕ್ತಿ ಉಳ್ಕೊಂಡಿತ್ತು ಮೇಡಂ, ಅದಕ್ಕೇ ಬೀಳಲಿಲ್ಲ" ಅಂದ. ಕೆಲವರು ನಕ್ಕರು. ನಾನು ನಗಲಿಲ್ಲ. ಅದೂ ಒಂದು ಊಹೆಯೇ, ಪರೀಕ್ಷೆ ಮಾಡಬಹುದಾದ ಊಹೆ. "ಎಷ್ಟು ದಿನ ಉಳಿಯುತ್ತೆ? ಈಗಲೇ ಹೇಳು, ಬೋರ್ಡಿನ ಮೇಲೆ ಬರೆಯೋಣ" ಅಂದೆ. ಅವನು ಯೋಚಿಸಿ ಮೂರು ದಿನ ಅಂದ. ಮೂಲೆಯಲ್ಲಿ ಬರೆದೆವು, ಅಳಿಸಬಾರದು ಅಂತ ಸುತ್ತ ಗೆರೆ ಹಾಕಿದೆವು. ಮುಂಚೆಯೇ ಬರೆದಿಡದಿದ್ದರೆ ಮೂರು ದಿನ ವಾರವಾಗುತ್ತದೆ, ವಾರ ತಿಂಗಳಾಗುತ್ತದೆ. ಆಮೇಲೆ ಆ ಮಾತನ್ನು ಯಾವತ್ತೂ ಪರೀಕ್ಷಿಸಲು ಆಗುವುದೇ ಇಲ್ಲ. ದೊಡ್ಡ ದೊಡ್ಡ ವಿಜ್ಞಾನಿಗಳಿಗೂ ಈ ಶಿಸ್ತು ಬೇಕು.

30ರ ಸೋಮವಾರ ಐದು ಒನಕೆಗಳು ಬಂದವು. ನೀರಿನ ತಟ್ಟೆಯಲ್ಲಿ, ಒಣ ತಟ್ಟೆಯಲ್ಲಿ, ಬರೀ ನೆಲದ ಮೇಲೆ. ನಾಲ್ಕು ನಿಂತವು, ಒಂದು ಏನು ಮಾಡಿದರೂ ನಿಲ್ಲಲಿಲ್ಲ. ತಿರುಗಿಸಿ ನೋಡಿದರೆ ಕಾರಣ ಕಂಡಿತು. ಒನಕೆಯ ತುದಿಗೆ ಕಬ್ಬಿಣದ ಬಳೆ ಇರುತ್ತದಲ್ಲ, ಅಣಸು ಅನ್ನುತ್ತಾರೆ. ನಿಂತ ಒನಕೆಗಳಲ್ಲಿ ಆ ಅಣಸು ಸಮತಟ್ಟಾಗಿ ನೆಲಕ್ಕೆ ಕೂರುತ್ತಿತ್ತು. ನಿಲ್ಲದ ಒನಕೆಯಲ್ಲಿ ಅಣಸು ಸವೆದು, ನಡುವಿನ ಮರ ಉಬ್ಬಿ ಹೊರಗೆ ಬಂದಿತ್ತು. ಅದು ಮೈಲಿಗೆಯಾದ ಮನೆಯ ಒನಕೆ. ಆ ಹುಡುಗಿ ಅದನ್ನು ಕೈಯಲ್ಲಿ ಹಿಡಿದು ಎಷ್ಟೋ ಹೊತ್ತು ನೋಡುತ್ತಾ ನಿಂತಳು.

ಆಮೇಲೆ ಅಳತೆಗೆ ಇಳಿದೆವು. ಒನಕೆಯನ್ನು ಅಡ್ಡಲಾಗಿ ಹಗ್ಗಕ್ಕೆ ತೂಗುಹಾಕಿ, ಎರಡೂ ಕಡೆ ಸಮ ಬರುವ ಜಾಗ ಹುಡುಕಿದರು. ಒಂದು ಒನಕೆಯಲ್ಲಿ ಅದು ಬುಡದಿಂದ ಸುಮಾರು 27 ಇಂಚು ಮೇಲಿತ್ತು. ಬುಡದ ಅಗಲ 2 ಇಂಚು, ಅಂದರೆ ನಡುವಿನಿಂದ ಅಂಚಿಗೆ 1 ಇಂಚು. ಈ 27 ಮತ್ತು 1 ಇಟ್ಟುಕೊಂಡು ತ್ರಿಕೋನ ಬರೆದರೆ ಕೋನ ಸುಮಾರು 2 ಡಿಗ್ರಿ ಬರುತ್ತದೆ. ಅಷ್ಟರೊಳಗೆ ವಾಲಿದ್ದರೆ ಒನಕೆ ನಿಲ್ಲುತ್ತದೆ, ಅದಕ್ಕಿಂತ ಜಾಸ್ತಿ ವಾಲಿದರೆ ಬೀಳುತ್ತದೆ. 2 ಡಿಗ್ರಿ ತುಂಬಾ ಕಡಿಮೆ, ಅದಕ್ಕೇ ನಿಂತಾಗ ಆಶ್ಚರ್ಯ. ಆದರೆ ಸೊನ್ನೆ ಅಲ್ಲ, ಅದಕ್ಕೇ ತಾಳ್ಮೆ ಇದ್ದವರ ಕೈಗೆ ಸಿಗುತ್ತದೆ. ಗ್ರಹಣದ ದಿನ ನಮಗೆ ಆ ತಾಳ್ಮೆ ಎಲ್ಲಿಂದ ಬರುತ್ತದೆ ಅಂದರೆ, ನಿಲ್ಲುತ್ತದೆ ಅಂತ ಮೊದಲೇ ನಂಬಿರುತ್ತೇವೆ. ಹತ್ತು ಸಲ ಬಿದ್ದರೂ ಹನ್ನೊಂದನೇ ಸಲ ನಿಲ್ಲಿಸುತ್ತೇವೆ. ಬೇರೆ ದಿನ ಎರಡು ಸಲ ಬಿದ್ದರೆ ಎತ್ತಿಡುತ್ತೇವೆ.

ಮೊಟ್ಟೆಯ ಕಥೆಯನ್ನೂ ಹೇಳಿದೆ. ಚೀನಾದಲ್ಲಿ ವಸಂತ ಶುರುವಾಗುವ ದಿನ ಕೋಳಿಮೊಟ್ಟೆ ನೆಟ್ಟಗೆ ನಿಲ್ಲುತ್ತದೆ ಅನ್ನುವ ನಂಬಿಕೆ ಇತ್ತು. 1945ರಲ್ಲಿ ಅಮೆರಿಕದ 'ಲೈಫ್' ಪತ್ರಿಕೆಯಲ್ಲಿ ಅದರ ವರದಿ ಬಂದ ಮೇಲೆ ಆ ದೇಶದಲ್ಲೂ ಮೊಟ್ಟೆ ನಿಲ್ಲಿಸುವುದು ಶುರುವಾಯಿತು. ಅಲ್ಲಿ ದಿನ ಮಾತ್ರ ಬದಲಾಯಿತು, ಹಗಲು ರಾತ್ರಿ ಸಮ ಇರುವ ಮಾರ್ಚ್ ತಿಂಗಳ ದಿನಕ್ಕೆ. ಮೊಟ್ಟೆ ಎರಡೂ ದಿನ ನಿಂತಿತು. ಉಳಿದ ದಿನಗಳಲ್ಲೂ ನಿಲ್ಲುತ್ತದೆ. ಹೀಗೆ ನಂಬುವುದು ನಮ್ಮ ಹಳ್ಳಿಯ ಕೊರತೆಯಲ್ಲ, ಎಲ್ಲ ಕಡೆಯ ಮನುಷ್ಯರೂ ಹೀಗೇ ಅನ್ನುವುದು ಮಕ್ಕಳಿಗೆ ತಿಳಿಯಬೇಕಿತ್ತು.

ಇಡೀ ಪ್ರಕರಣದಲ್ಲಿ ನನಗೆ ತುಂಬಾ ಇಷ್ಟವಾದ ಪ್ರಶ್ನೆ ಅದೇ ದಿನ ಬಂತು. "ಮೇಡಂ, ಸಮುದ್ರದಲ್ಲಿ ಉಬ್ಬರ ಬರೋದು ಸೂರ್ಯ ಚಂದ್ರರ ಸೆಳೆತದಿಂದ ಅಂತ ನೀವೇ ಹೇಳಿದ್ದು. ಹಾಗಾದ್ರೆ ಒನಕೆನೂ ಸೆಳೀಬಹುದಲ್ಲ?" ಸೆಳೆತ ಇರುವುದು ನಿಜ. ಎಷ್ಟು ಅನ್ನುವುದು ಪ್ರಶ್ನೆ. ಲೆಕ್ಕ ಹಾಕಿದೆವು. ಸೂರ್ಯ, ಚಂದ್ರ ಒಂದೇ ಸಾಲಿಗೆ ಬಂದಾಗ ಉಬ್ಬರ ತರುವ ಬಲ ಭೂಮಿಯ ಸೆಳೆತದ ಸುಮಾರು 60 ಲಕ್ಷದಲ್ಲಿ ಒಂದು ಪಾಲು. 3 ಕಿಲೋ ತೂಗುವ ಒನಕೆಯ ಮೇಲೆ ಅದು ಅರ್ಧ ಮಿಲಿಗ್ರಾಂ ತೂಕಕ್ಕೆ ಸಮ. ಒಂದು ಅಕ್ಕಿ ಕಾಳು ಸುಮಾರು 20 ಮಿಲಿಗ್ರಾಂ ತೂಗುತ್ತದೆ. ಒಂದು ಅಕ್ಕಿ ಕಾಳನ್ನು 40 ಚೂರು ಮಾಡಿ, ಅದರಲ್ಲಿ ಒಂದು ಚೂರನ್ನು ಒನಕೆಯ ಮೇಲಿಟ್ಟಷ್ಟು. ಸಮುದ್ರದ ಲೆಕ್ಕ ಬೇರೆ. ಅಲ್ಲಿ ಸಾವಿರಾರು ಕಿಲೋಮೀಟರ್ ಹರಡಿದ ನೀರು ಒಟ್ಟಿಗೆ ಸ್ಪಂದಿಸುತ್ತದೆ. ಜೊತೆಗೆ, ಸೂರ್ಯ ಚಂದ್ರರು ಹೆಚ್ಚುಕಮ್ಮಿ ಒಂದೇ ಸಾಲಿಗೆ ಬರುವುದು ಗ್ರಹಣಕ್ಕೆ ಮಾತ್ರ ಅಲ್ಲ, ಪ್ರತಿ ಅಮಾವಾಸ್ಯೆಗೂ. ಸೆಳೆತದಿಂದಲೇ ಒನಕೆ ನಿಲ್ಲುವುದಾದರೆ ತಿಂಗಳಿಗೊಂದು ಸಲ ಮನೆಮನೆಯಲ್ಲೂ ಸುಲಭವಾಗಿ ನಿಲ್ಲಬೇಕು, ನಡುವಿನ ದಿನಗಳಲ್ಲಿ ನಿಲ್ಲಬಾರದು. ಜನವರಿ 24ರ ಅಮಾವಾಸ್ಯೆಗೆ ಮಕ್ಕಳು ಅದನ್ನೂ ನೋಡಿದರು. ನಿಂತಿತು, ಹಿಂದಿನ ವಾರ ನಿಂತ ಹಾಗೇ.

ತಾಜಸುಲ್ತಾನಪುರದ ಸುದ್ದಿ

ಈ ನಡುವೆ ಇನ್ನೊಂದು ಸಂಗತಿ ನಡೆದಿತ್ತು. ಗ್ರಹಣದ ದಿನವೇ ಟಿವಿಯಲ್ಲಿ ಸುದ್ದಿ ಬಂತು. ಕಲಬುರಗಿ ಹತ್ತಿರದ ತಾಜಸುಲ್ತಾನಪುರದಲ್ಲಿ, ಅಂಗವೈಕಲ್ಯ ಇದ್ದ ಮಕ್ಕಳನ್ನು ಗ್ರಹಣದ ಹೊತ್ತಿನಲ್ಲಿ ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿದ್ದರು. ಹಾಗೆ ಮಾಡಿದರೆ ವಾಸಿಯಾಗುತ್ತದೆ ಅನ್ನುವ ನಂಬಿಕೆ. ಮಕ್ಕಳು ಅಳುತ್ತಿದ್ದ ದೃಶ್ಯವನ್ನು ನನ್ನ ತರಗತಿಯವರೂ ನೋಡಿದ್ದರು.

ನನ್ನ ಸಹೋದ್ಯೋಗಿಯೊಬ್ಬರು ಮೊದಲು, "ಒನಕೆ ನಿಂತ್ರೆ ಯಾರಿಗೇನು ನಷ್ಟ, ಬಿಟ್ಬಿಡಿ" ಅಂದಿದ್ದರು. ಆ ಮಾತಿನಲ್ಲಿ ಅರ್ಧ ನಿಜ ಇದೆ. ಒನಕೆಯಿಂದ ಯಾರಿಗೂ ನಷ್ಟ ಇಲ್ಲ. ಆದರೆ ಒನಕೆ ನಿಲ್ಲಿಸುವಾಗ ಕೇಳದ ಪ್ರಶ್ನೆಯೇ ಮಗುವನ್ನು ಹೂಳುವಾಗಲೂ ಕೇಳದೆ ಉಳಿಯುತ್ತದೆ. ತರಗತಿಯಲ್ಲಿ ನಾನು ಹೀಗೆ ಕೇಳಿದೆ: "ಆ ಅಪ್ಪ ಅಮ್ಮ ಕೆಟ್ಟವರಾ?" ಕೆಲವರು ಹೌದು ಅಂದರು. ಮೈಲಿಗೆ ಒನಕೆಯ ಹುಡುಗಿ, "ಇಲ್ಲ, ಅವರಿಗೆ ಬೇರೆ ದಾರಿ ಕಾಣಲಿಲ್ಲ" ಅಂದಳು. "ನೀನು ಅಲ್ಲಿದ್ದಿದ್ರೆ ಅವರಿಗೆ ಏನು ಹೇಳ್ತಿದ್ದೆ?" "ಹೇಳ್ತಿರ್ಲಿಲ್ಲ ಮೇಡಂ, ಕೇಳ್ತಿದ್ದೆ. ಹೋದ ಗ್ರಹಣದಲ್ಲಿ ಹೂತಿದ್ದ ಮಕ್ಕಳು ಈಗ ಹೇಗಿದ್ದಾರೆ ಅಂತ."

ಡಾ. ಎಚ್. ನರಸಿಂಹಯ್ಯನವರ ನೆನಪಾಯಿತು. ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಒಂದು ಸಮಿತಿ ಮಾಡಿದ್ದರು. ಶೂನ್ಯದಿಂದ ವಸ್ತು ತೆಗೆಯುತ್ತೇವೆ ಅನ್ನುವವರಿಗೆ ಅವರು ಹಾಕಿದ ಸವಾಲು ಪ್ರಸಿದ್ಧ: ಉಂಗುರ ಬೇಡ, ಕುಂಬಳಕಾಯಿ ತೆಗೆಯಿರಿ. ಯಾಕೆ ಕುಂಬಳಕಾಯಿ ಅಂತ ಮಕ್ಕಳನ್ನು ಕೇಳಿದೆ. "ತೋಳಲ್ಲಿ ಬಚ್ಚಿಡೋಕೆ ಆಗಲ್ಲ" ಅಂತ ಥಟ್ಟನೆ ಉತ್ತರ ಬಂತು.

ಎಡವಿದ ಜಾಗ

ಜನವರಿ ಮೊದಲ ವಾರ ಒಬ್ಬ ಹುಡುಗಿಯ ಅಪ್ಪ ಶಾಲೆಗೆ ಬಂದರು. ಮಗಳು ಅಜ್ಜಿಗೆ ಎದುರುತ್ತರ ಕೊಟ್ಟಿದ್ದಳು. "ನಿಂಗೇನೂ ಗೊತ್ತಿಲ್ಲ, ಸುಮ್ನಿರು" ಅಂದಿದ್ದಳಂತೆ. ಅಜ್ಜಿ ರಾತ್ರಿ ಊಟ ಮಾಡಿರಲಿಲ್ಲ. ಅಪ್ಪ ಜೋರು ಮಾಡಲಿಲ್ಲ, ಬೇಸರದಿಂದ ಹೇಳಿದರು. "ನೀವು ಓದಿಸೋದು ಓದಿಸಿ ಮೇಡಂ. ಮನೇಲಿ ದೊಡ್ಡೋರಿಗೆ ಮರ್ಯಾದೆ ಇರ್ಬೇಕಲ್ವಾ?"

ಅವರ ಮಾತು ಸರಿಯಾಗಿತ್ತು. ಪ್ರಶ್ನೆ ಕೇಳುವುದನ್ನು ಕಲಿಸಿದ್ದೆ, ಹೇಗೆ ಕೇಳಬೇಕು ಅನ್ನುವುದನ್ನು ಕಲಿಸಿರಲಿಲ್ಲ. ಆ ಹುಡುಗಿಗೆ ಸಿಕ್ಕಿದ್ದು ತಿಳಿವಳಿಕೆಯಲ್ಲ, ಇನ್ನೊಬ್ಬರನ್ನು ಚಿಕ್ಕದು ಮಾಡುವ ಒಂದು ಹೊಸ ಸಾಧನ. 24ರಂದು ನಾನು ಆ ಹುಡುಗನಿಗೆ ಮಾಡಿದ್ದೂ ಇದನ್ನೇ ಅಲ್ವಾ?

ಮಾರನೇ ದಿನ ಪಾಠ ನಿಲ್ಲಿಸಿ ಇದನ್ನೇ ಮಾತಾಡಿದೆವು. ಅಜ್ಜಿ ನೋಡಿದ್ದು ಸುಳ್ಳಲ್ಲ. ಒನಕೆ ನಿಂತಿದ್ದನ್ನು ಅವರು ನೋಡಿದ್ದಾರೆ. ಅದನ್ನು ನಿಲ್ಲಿಸುವ ಕೈಚಳಕ ಅವರದೇ, ನಮ್ಮಲ್ಲಿ ಯಾರಿಗೂ ಅಷ್ಟು ಚೆನ್ನಾಗಿ ಬರುವುದಿಲ್ಲ. ಅವರು ಕೊಟ್ಟ ಕಾರಣವನ್ನು ಮಾತ್ರ ಯಾರೂ ಪರೀಕ್ಷಿಸಿರಲಿಲ್ಲ. ಮಕ್ಕಳಿಗೆ ಹೊಸ ಕೆಲಸ ಕೊಟ್ಟೆ. ಮನೆಗೆ ಹೋಗಿ ಏನನ್ನೂ ಸಾಬೀತು ಮಾಡಬೇಡಿ. ಅಜ್ಜಿಯ ಹತ್ತಿರ ಒನಕೆ ನಿಲ್ಲಿಸುವುದನ್ನು ಕಲಿತು ಬನ್ನಿ. ಆ ವಾರ ಮಕ್ಕಳು ತಂದ ಸಂಗತಿಗಳು ಎಷ್ಟೊಂದು! ಯಾವ ಮರದ ಒನಕೆ ಒಳ್ಳೆಯದು, ಅಣಸು ಹಾಕಿಸುತ್ತಿದ್ದದ್ದು ಯಾರ ಹತ್ತಿರ, ಇಬ್ಬರು ಎದುರುಬದುರು ನಿಂತು ಕುಟ್ಟುವಾಗ ಏಟು ತಪ್ಪದ ಹಾಗೆ ಹೇಳುತ್ತಿದ್ದ ಪದ. ಎದುರುತ್ತರ ಕೊಟ್ಟ ಹುಡುಗಿಗೆ ಅಜ್ಜಿ ಎರಡು ದಿನ ಕಲಿಸಲಿಲ್ಲವಂತೆ. ಮೂರನೇ ದಿನ ಕಲಿಸಿದರು.

ಮೇಣದಬತ್ತಿ

ಒನಕೆಯ ವಿಚಾರ ಮುಗಿಯಿತು ಅಂದುಕೊಂಡಿದ್ದೆ. ಫೆಬ್ರವರಿಯಲ್ಲಿ ಅದೇ ಮೆಲ್ಲನೆಯ ದನಿಯ ಹುಡುಗಿ ಸ್ಟಾಫ್‌ರೂಮಿಗೆ ಬಂದಳು. ಅವಳ ತಮ್ಮ ಪ್ರಾಥಮಿಕ ಶಾಲೆಯಲ್ಲಿ ಒಂದು ಪ್ರಯೋಗ ನೋಡಿ ಬಂದಿದ್ದ. ತಟ್ಟೆಯ ನೀರಿನಲ್ಲಿ ಉರಿಯುವ ಮೇಣದಬತ್ತಿ ಇಟ್ಟು, ಅದರ ಮೇಲೆ ಗಾಜಿನ ಲೋಟ ಬೋರಲು ಹಾಕುವುದು. ಬತ್ತಿ ಆರುತ್ತದೆ, ನೀರು ಲೋಟದೊಳಗೆ ಏರುತ್ತದೆ. ಗಾಳಿಯಲ್ಲಿದ್ದ ಐದನೇ ಒಂದು ಪಾಲು ಆಮ್ಲಜನಕ ಖರ್ಚಾಯಿತು, ಆ ಜಾಗಕ್ಕೆ ನೀರು ಬಂತು ಅನ್ನುವುದು ವಿವರಣೆ. ನಾನೂ ಅದನ್ನು ವರ್ಷಗಟ್ಟಲೆ ಹಾಗೇ ಕಲಿಸಿದ್ದೆ.

"ಮೇಡಂ, ಆಮ್ಲಜನಕ ಖರ್ಚಾಗೋದು ಬತ್ತಿ ಉರಿಯುವಾಗ ಅಲ್ವಾ? ಆದ್ರೆ ನೀರು ಏರೋದು ಬತ್ತಿ ಆರಿದ ಮೇಲೆ. ಮನೇಲಿ ಮೂರು ಸಲ ನೋಡ್ದೆ."

ನಾನು ಏನೂ ಹೇಳಲಿಲ್ಲ. ಲೋಟ, ತಟ್ಟೆ, ಬತ್ತಿ ತರಿಸಿದೆ. ಅವಳು ಹೇಳಿದ ಹಾಗೇ ಆಯಿತು. ಉರಿಯುವಾಗ ನೀರು ಹೆಚ್ಚೇನೂ ಅಲುಗಲಿಲ್ಲ, ಬತ್ತಿ ಆರುತ್ತಿದ್ದಂತೆ ಸರ್ರನೆ ಏರಿತು. ಹಾಗಾದರೆ ಖಾಲಿ ಮನೆ ಯಾವುದು? ಬತ್ತಿಗಳ ಲೆಕ್ಕ ಬದಲಿಸಿ ನೋಡೋಣ ಅಂತ ತರಗತಿಯೇ ಹೇಳಿತು. ಅದೇ ಲೋಟ, ಒಂದು ಬತ್ತಿ, ಎರಡು, ಮೂರು. ಲೋಟದಲ್ಲಿರುವ ಆಮ್ಲಜನಕ ಅಷ್ಟೇ. ಆದ್ದರಿಂದ ನೀರೂ ಅಷ್ಟೇ ಏರಬೇಕು. ಆದರೆ ಮೂರು ಬತ್ತಿ ಇಟ್ಟಾಗ ನೀರು ಎಷ್ಟೋ ಮೇಲೆ ಏರಿತು.

ನಿಜವಾದ ಕಾರಣ ಬಿಸಿ. ಉರಿಯುವ ಬತ್ತಿ ಸುತ್ತಲಿನ ಗಾಳಿಯನ್ನು ಕಾಯಿಸಿ ಹಿಗ್ಗಿಸುತ್ತದೆ. ಲೋಟ ಮುಚ್ಚುವಾಗ ಅದರಲ್ಲಿರುವುದು ಈ ಹಿಗ್ಗಿದ ಗಾಳಿ. ಒಂದಿಷ್ಟು ಅಂಚಿನಿಂದ ಗುಳ್ಳೆಯಾಗಿ ಹೊರಗೂ ಹೋಗುತ್ತದೆ. ಬತ್ತಿ ಆರಿದ ಮೇಲೆ ಉಳಿದ ಗಾಳಿ ತಣ್ಣಗಾಗಿ ಕುಗ್ಗುತ್ತದೆ, ಹೊರಗಿನ ಗಾಳಿಯ ಒತ್ತಡ ನೀರನ್ನು ಒಳಗೆ ನೂಕುತ್ತದೆ. ಬತ್ತಿ ಆರುವಾಗ ಆಮ್ಲಜನಕ ಪೂರ್ತಿ ಖರ್ಚಾಗಿರುವುದೂ ಇಲ್ಲ, ಬಹುಪಾಲು ಹಾಗೇ ಉಳಿದಿರುತ್ತದೆ. ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ ಸುಮಾರು 21 ಪಾಲು ಇರುವುದು ಸತ್ಯ. ಆ ಪ್ರಯೋಗ ಮಾತ್ರ ಅದನ್ನು ತೋರಿಸುವುದಿಲ್ಲ.

ಹಾಗಾದರೆ ಯಾವುದು ತೋರಿಸುತ್ತದೆ? ತುಕ್ಕು. ಒದ್ದೆ ಕಬ್ಬಿಣ ಬಿಸಿಯಿಲ್ಲದೆ, ನಿಧಾನವಾಗಿ ಆಮ್ಲಜನಕ ಹೀರುತ್ತದೆ. ಮೊದಲು ಪಾತ್ರೆ ಉಜ್ಜುವ ಸ್ಟೀಲ್ ನಾರು ಹಾಕಿ ನೋಡಿದೆವು. ಎರಡು ದಿನ ಕಾದರೂ ಏನೂ ಆಗಲಿಲ್ಲ, ಅದು ತುಕ್ಕು ಹಿಡಿಯದ ಸ್ಟೀಲ್. ಆಮೇಲೆ ಒಬ್ಬ ಹುಡುಗ ತಮ್ಮ ಮಾವನ ವರ್ಕ್‌ಶಾಪಿನಿಂದ ಕಬ್ಬಿಣದ ಪುಡಿ ತಂದ. ಒದ್ದೆ ಮಾಡಿದ ಗಾಜಿನ ಕೊಳವೆಯ ಒಳಗೆ ಅಂಟಿಸಿ, ನೀರಿನಲ್ಲಿ ಬೋರಲು ನಿಲ್ಲಿಸಿದೆವು. ದಿನದಿಂದ ದಿನಕ್ಕೆ ನೀರು ಏರಿ, ಕೊಳವೆಯ ಐದನೇ ಒಂದು ಪಾಲಿನ ಹತ್ತಿರ ನಿಂತುಬಿಟ್ಟಿತು. ಪುಡಿ ಜಾಸ್ತಿ ಹಾಕಿದ ಕೊಳವೆಯಲ್ಲೂ ಅಷ್ಟಕ್ಕೇ ನಿಂತಿತು.

ಅಜ್ಜಿಯ ಒನಕೆಗೆ ಕೇಳಿದ ಪ್ರಶ್ನೆಯನ್ನೇ ಆ ಹುಡುಗಿ ಶಾಲೆಯ ಪ್ರಯೋಗಕ್ಕೂ ಕೇಳಿದ್ದಳು. ವಿಜ್ಞಾನ ಅಂತ ಹೆಸರು ಹಚ್ಚಿದ್ದಕ್ಕೆ ರಿಯಾಯಿತಿ ಕೊಡಲಿಲ್ಲ. ನನ್ನ ಇಷ್ಟು ವರ್ಷದ ಮೇಷ್ಟ್ರುಗಿರಿಯಲ್ಲಿ ಅದಕ್ಕಿಂತ ಸಂತೋಷದ ದಿನ ಇನ್ನೊಂದಿಲ್ಲ.

ಮಾರ್ಚಿನಲ್ಲಿ ಕೊರೊನಾ ಬಂತು, ಶಾಲೆ ಮುಚ್ಚಿತು. ಜೂನ್ 21, ಭಾನುವಾರ, ಮತ್ತೊಂದು ಸೂರ್ಯಗ್ರಹಣ. ಕಂಕಣ ಕಂಡದ್ದು ಉತ್ತರ ಭಾರತದಲ್ಲಿ, ನಮ್ಮಲ್ಲಿ ಸೂರ್ಯನ ಒಂದು ಭಾಗ ಮಾತ್ರ ಮರೆಯಾಯಿತು. ಹನ್ನೆರಡರ ಸುಮಾರಿಗೆ ಅಜ್ಜಿಗೆ ಎದುರುತ್ತರ ಕೊಟ್ಟಿದ್ದ ಹುಡುಗಿಯಿಂದ ಫೋನ್ ಬಂತು.

"ಮೇಡಂ, ಅಜ್ಜಿ ಒನಕೆ ನಿಲ್ಸೋಕೆ ನೋಡ್ತಿದ್ರು, ನಿಲ್ಲಲಿಲ್ಲ. ಗ್ರಹಣ ಜೋರಾಗಿಲ್ವೇನೋ ಅಂದ್ರು. ನಾನು ಅಣಸು ನೋಡ್ದೆ, ಸರಿ ಇತ್ತು. ತಟ್ಟೆ ನೋಡ್ದೆ, ಅದೂ ಸರಿ ಇತ್ತು. ಆಮೇಲೆ ತಟ್ಟೇಲಿದ್ದ ನೀರು ನೋಡ್ದೆ. ಒಂದು ಕಡೆಗೇ ಸರಿದು ನಿಂತಿತ್ತು."

"ಆಮೇಲೆ?"

"ಅಜ್ಜಿಗೆ ತೋರಿಸ್ದೆ. ಅವರೇ ಹೇಳಿದ್ರು, ಜಗಲಿಗೆ ವಾಟ ಕೊಟ್ಟವ್ರೆ ಕಣವ್ವ, ಮಳೆ ನೀರು ಹರಿದು ಹೋಗ್ಲಿ ಅಂತ. ನಡುಮನೇಗೆ ತಗೊಂಡು ಬಾ ಅಂತ."

ನಡುಮನೆಯಲ್ಲಿ ನಿಂತಿತಂತೆ. ಸಂಜೆ ಅವಳು ಒಂದು ಫೋಟೋ ಕಳಿಸಿದಳು. ಗ್ರಹಣ ಬಿಟ್ಟು ಎಷ್ಟೋ ಹೊತ್ತಾಗಿತ್ತು. ಒನಕೆಯ ಪಕ್ಕದಲ್ಲಿ ಅಜ್ಜಿ ಕೂತು ಅವರೆಕಾಳು ಹಸನು ಮಾಡುತ್ತಿದ್ದರು. ಸುತ್ತ ಸೀಮೆಸುಣ್ಣದ ಗೆರೆ ಇತ್ತು.